ಸ್ಕಾಲರ್‌ಶಿಪ್ ಕೊಡೋರಿಗೊಂದು ಬಹಿರಂಗ ಪತ್ರ: ಫೀಸಿನ ಜೊತೆ ಭಾಷೆಗೂ ದುಡ್ಡಿಡಿ

ವಿದೇಶದಲ್ಲಿ ಓದೋಕೆ ಸ್ಕಾಲರ್‌ಶಿಪ್ ಕೊಡೋ ಫೌಂಡೇಶನ್‌ಗಳಿಗೆ, ಯೂನಿವರ್ಸಿಟಿಗಳಿಗೆ, ಸರ್ಕಾರಗಳಿಗೆ, ಅದರಲ್ಲೂ ಅರ್ಜಿಗಳನ್ನ ಕೂತು ಓದಿ ಯಾರಿಗೆ ಹೌದು ಯಾರಿಗೆ ಇಲ್ಲ ಅಂತ ತೀರ್ಮಾನ ಮಾಡೋ ಕಮಿಟಿಯವರಿಗೆ ನಮಸ್ಕಾರ.

ನನ್ನ ತಂಗಿ ಹುಟ್ಟಿನಿಂದ ಕಿವುಡಿ. ಆ ಪದ ನೋಡಿ ಯಾರೂ ಮುಜುಗರ ಪಟ್ಕೋಬೇಡಿ, ಅವಳು ತನ್ನನ್ನ ಹಾಗೇ ಹೇಳ್ಕೊಳ್ಳೋದು, ಶ್ರವಣದೋಷ ಅಂದ್ರೆ ಅವಳಿಗೆ ಸಿಟ್ಟು ಬರುತ್ತೆ, ನನ್ನಲ್ಲಿ ದೋಷ ಏನಿದೆ ತೋರಿಸು ಅಂತಾಳೆ. ಕಿವುಡ ಮಕ್ಕಳಿಗೆ ಪಾಠ ಹೇಳೋ ಟೀಚರ್ ಆಗ್ಬೇಕು, ಅದಕ್ಕೆ ಸರಿಯಾದ ಟ್ರೈನಿಂಗ್ ಇರೋ ಕಡೆ ಹೋಗಿ ಓದ್ಬೇಕು ಅನ್ನೋದು ಅವಳ ಹಠ. ಎರಡು ವರ್ಷದ ಹಿಂದೆ ಒಂದು ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ಲು, ಅದು ಯಾವುದು ಅಂತ ಇಲ್ಲಿ ಬರೆಯಲ್ಲ, ಬರೆದ್ರೆ ಅದೊಂದೇ ತಪ್ಪು ಮಾಡಿದ್ದು ಅಂತ ಉಳಿದೋರು ಸುಮ್ನಾಗ್ತೀರ. ಮೊದಲನೇ ರೌಂಡ್ ಪಾಸಾಯ್ತು, ಮನೆಯಲ್ಲಿ ಎಲ್ಲರಿಗೂ ಖುಷಿ. ಆಮೇಲೆ ಒಂದು ಮೇಲ್ ಬಂತು, ಇಂಟರ್‌ವ್ಯೂ ಫೋನಲ್ಲಿ, ಇಂಥ ದಿನ, ಇಂಥ ಟೈಮಿಗೆ ಫೋನ್ ಹತ್ತಿರ ಇರಿ ಅಂತ. ಅರ್ಜಿಯ ಮೊದಲನೇ ಪುಟದಲ್ಲೇ ಅವಳು ತಾನು ಕಿವುಡಿ ಅಂತ ಬರೆದಿದ್ಲು.

ನಾನು ವಾಪಸ್ ಬರೆದೆ, ವಿಡಿಯೋ ಕಾಲ್ ಮಾಡಿ, ಸನ್ನೆಯನ್ನ ಮಾತಿಗೆ, ಮಾತನ್ನ ಸನ್ನೆಗೆ ಹಾಕೋ ಇಂಟರ್‌ಪ್ರಿಟರ್ ಇಟ್ಕೊಳ್ಳೋಣ, ಅದೂ ಆಗಲ್ಲ ಅಂದ್ರೆ ಪ್ರಶ್ನೆ ಟೈಪ್ ಮಾಡಿ ಕಳಿಸಿ, ನಿಮ್ಮ ಕಣ್ಣೆದುರೇ ಟೈಪ್ ಮಾಡಿ ಉತ್ತರ ಕೊಡ್ತಾಳೆ ಅಂತ. ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ, ಮನೆಯವರು ಯಾರಾದ್ರೂ ಅವರ ಪರವಾಗಿ ಮಾತಾಡಬಹುದು ಅಂತ ಉತ್ತರ ಬಂತು. ಸರಿ, ನಾನೇ ಮಾತಾಡಿದೆ. ನಾನು ಇಂಟರ್‌ಪ್ರಿಟರ್ ಅಲ್ಲ, ಮನೆಯಲ್ಲಿ ಊಟ ನಿದ್ದೆ ಜಗಳಕ್ಕೆ ಸಾಕಾಗುವಷ್ಟು ಸನ್ನೆ ಭಾಷೆ ಬರುತ್ತೆ ಅಷ್ಟೆ. ಯಾಕೆ ಈ ಕೋರ್ಸ್ ಓದ್ಬೇಕು ಅಂತ ಕೇಳಿದ್ರು. ಅವಳು ಕೈ ನಿಲ್ಲಿಸದೆ, ಮುಖ ಕೆಂಪು ಮಾಡ್ಕೊಂಡು, ತಾನು ಶಾಲೆಯಲ್ಲಿ ಹಿಂದಿನ ಬೆಂಚಲ್ಲಿ ಕೂತು ಬೋರ್ಡ್ ಮೇಲಿರೋದನ್ನ ಅರ್ಥ ಗೊತ್ತಿಲ್ಲದೆ ಕಾಪಿ ಮಾಡ್ತಿದ್ದಿದ್ದು, ತನ್ನ ಜೊತೆಯವರು ಒಬ್ಬೊಬ್ಬರಾಗಿ ಶಾಲೆ ಬಿಟ್ಟಿದ್ದು, ಮೊದಲನೇ ಸಲ ಒಬ್ಬ ಕಿವುಡ ಟೀಚರನ್ನ ನೋಡಿದಾಗ ಅತ್ತಿದ್ದು ಎಲ್ಲ ಹೇಳಿದ್ಲು. ನಾನು ಅದನ್ನ ಮೂರು ವಾಕ್ಯ ಮಾಡಿ ಫೋನಲ್ಲಿ ಹೇಳಿದೆ. ಅವಳ ಎರಡು ನಿಮಿಷದಲ್ಲಿ ನನ್ನ ಕೈಗೆ ಸಿಕ್ಕಿದ್ದು ಅಷ್ಟೇ. ಸೆಲೆಕ್ಟ್ ಆಗಲಿಲ್ಲ. ಆಕೆಯ ಉತ್ತರ ಕೇಳಿ ಬೇಡ ಅಂದಿದ್ರೆ ಒಪ್ಕೋತಿದ್ದೆ, ಅವರು ಕೇಳಿದ್ದು ನನ್ನ ಉತ್ತರ, ಅದು ಇವತ್ತಿಗೂ ನನ್ನನ್ನ ಚುಚ್ಚುತ್ತೆ.

ಅವತ್ತಿಂದ ಈ ವಿಷಯ ಓದ್ತಾ ಇದ್ದೀನಿ, ಕಿವುಡರ ಜೊತೆ ಕೂತು ಮಾತಾಡ್ತಾ ಇದ್ದೀನಿ, ಅರ್ಜಿ ಹಾಕಿದೋರು ಹಾಕ್ದೇ ಇರೋರು ಇಬ್ಬರ ಜೊತೆನೂ. ನಿಮ್ಮಲ್ಲಿ ಬಹಳ ಜನ ಒಳ್ಳೆ ಮನಸ್ಸಿಂದನೇ ದುಡ್ಡಿಡ್ತೀರ, ಅದರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ನಿಮ್ಮ ಸ್ಕಾಲರ್‌ಶಿಪ್‌ಗಳನ್ನ ಕಿವಿ ಕೇಳೋರು, ಕಿವಿ ಕೇಳೋ ಹುಡುಗ ಹುಡುಗಿಯರನ್ನ ಮನಸ್ಸಲ್ಲಿಟ್ಕೊಂಡು ಮಾಡಿರೋದು, ಕೊನೆಗೆ ಒಂದು ಸಾಲು ಅಂಗವಿಕಲರೂ ಅರ್ಜಿ ಹಾಕಬಹುದು ಅಂತ ಸೇರಿಸಿರೋದು. ಆ ಸಾಲಿಂದ ಬಾಗಿಲು ತೆರೆಯಲ್ಲ ಅಂತ ಹೇಳೋಕೇ ಈ ಪತ್ರ.

ಎಷ್ಟು ಜನರ ವಿಷಯ ಇದು ಅಂತ ಮೊದಲು ಹೇಳ್ಬಿಡ್ತೀನಿ. 1951ರಲ್ಲಿ ರೋಮ್‌ನಲ್ಲಿ ಶುರುವಾದ ವಿಶ್ವ ಕಿವುಡರ ಒಕ್ಕೂಟದ ಲೆಕ್ಕದಲ್ಲಿ ಪ್ರಪಂಚದಲ್ಲಿ ಸುಮಾರು 7 ಕೋಟಿ ಕಿವುಡರಿದ್ದಾರೆ, ಅವರಲ್ಲಿ 80%ಗಿಂತ ಹೆಚ್ಚು ಜನ ಇರೋದು ಅಭಿವೃದ್ಧಿ ಹೊಂದುತ್ತಿರೋ ದೇಶಗಳಲ್ಲಿ. 300ಕ್ಕೂ ಹೆಚ್ಚು ಸನ್ನೆ ಭಾಷೆಗಳಿವೆ. ಕಿವುಡರಿಗಾಗಿಯೇ ಇರೋ, ಸನ್ನೆ ಭಾಷೆಯಲ್ಲೇ ಡಿಗ್ರಿ ಓದಬಹುದಾದ ಜಾಗಗಳು ಮಾತ್ರ ಕೈಬೆರಳಲ್ಲಿ ಎಣಿಸಬಹುದು. ಅಮೆರಿಕದ ವಾಷಿಂಗ್ಟನ್‌ನಲ್ಲಿರೋ ಗ್ಯಾಲೊಡೆಟ್ ಯೂನಿವರ್ಸಿಟಿಗೆ ಡಿಗ್ರಿ ಕೊಡೋ ಅಧಿಕಾರ ಕೊಟ್ಟು 1864ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದ್ದು, ಅದೇ ದೇಶದ ರಾಚೆಸ್ಟರ್‌ನಲ್ಲಿರೋ ಕಿವುಡರ ತಾಂತ್ರಿಕ ಸಂಸ್ಥೆಗೆ 1965ರಲ್ಲಿ ಕಾನೂನಾಗಿ 1968ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದಿದ್ದು. ಕಿವುಡರು ಹೆಚ್ಚಿರೋದು ಬಡ ದೇಶಗಳಲ್ಲಿ, ಇಂಥ ದೊಡ್ಡ ಕಾಲೇಜುಗಳಿರೋದು ಶ್ರೀಮಂತ ದೇಶಗಳಲ್ಲಿ, ಇವೆರಡರ ನಡುವೆ ಇರೋ ಸೇತುವೆ ಅಂದ್ರೆ ನಿಮ್ಮ ಸ್ಕಾಲರ್‌ಶಿಪ್ಪು.

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.ಬಿ ಅಂತ ಒಂದಿದೆ, 2020ರೊಳಗೆ ಬಡ ದೇಶಗಳ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣದ ಸ್ಕಾಲರ್‌ಶಿಪ್ ಗಣನೀಯವಾಗಿ ಹೆಚ್ಚಿಸ್ಬೇಕು ಅಂತ. ಅದರಲ್ಲಿ ಹಿಂದುಳಿದ ದೇಶಗಳ ಹೆಸರಿದೆ, ಪುಟ್ಟ ದ್ವೀಪ ದೇಶಗಳ ಹೆಸರಿದೆ, ಆಫ್ರಿಕಾದ ಹೆಸರಿದೆ, ಅಂಗವಿಕಲರ ಬಗ್ಗೆ ಒಂದು ಪದ ಇಲ್ಲ. ಅದೇ ಪಟ್ಟಿಯಲ್ಲಿ ಮೇಲೆ, ಶಾಲೆ ಕಟ್ಟಡದ ಬಗ್ಗೆ ಹೇಳೋವಾಗ ಅಂಗವಿಕಲರು ನೆನಪಾಗಿದ್ದಾರೆ, ಸ್ಕಾಲರ್‌ಶಿಪ್ ಹತ್ತಿರ ಬರೋ ಹೊತ್ತಿಗೆ ಮರೆತುಹೋಗಿದ್ದಾರೆ. 2020 ಕಳೆದೂ ಹೋಯ್ತು. ಆದ್ರೆ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದ ಇದೆಯಲ್ಲ, ಅದರ 24ನೇ ವಿಧಿ ಸನ್ನೆ ಭಾಷೆ ಕಲಿಸ್ಬೇಕು, ಕಿವುಡ ಸಮುದಾಯದ ಭಾಷಾ ಗುರುತನ್ನ ಬೆಳೆಸ್ಬೇಕು, ಸನ್ನೆ ಭಾಷೆ ಬರೋ ಟೀಚರ್‌ಗಳನ್ನ, ಅಂಗವಿಕಲ ಟೀಚರ್‌ಗಳನ್ನೂ ಸೇರಿಸಿ, ತಗೋಬೇಕು ಅನ್ನುತ್ತೆ, 32ನೇ ವಿಧಿ ದೇಶ ದೇಶಗಳ ನಡುವಿನ ಸಹಕಾರದಲ್ಲಿ ಅಂಗವಿಕಲರು ಒಳಗೊಳ್ಳಬೇಕು ಅನ್ನುತ್ತೆ. ಎರಡನ್ನೂ ಒಟ್ಟಿಗೆ ಇಟ್ಟು ಓದಿದ್ರೆ ಕಿವುಡರ ಸ್ಕಾಲರ್‌ಶಿಪ್ ದಾನ ಅಲ್ಲ, ನಿಮ್ಮ ದೇಶಗಳು ಸಹಿ ಹಾಕಿದ ಮಾತು.

ಈಗ ದುಡ್ಡಿನ ಮಾತಿಗೆ ಬರ್ತೀನಿ. ನಿಮ್ಮ ಪಟ್ಟಿಯಲ್ಲಿ ಏನಿರುತ್ತೆ? ಟ್ಯೂಶನ್ ಫೀಸು, ವಿಮಾನದ ಟಿಕೆಟ್, ಹಾಸ್ಟೆಲ್ಲು, ತಿಂಗಳ ಖರ್ಚು, ಇನ್ಶೂರೆನ್ಸು. ಕಿವಿ ಕೇಳೋ ವಿದ್ಯಾರ್ಥಿಗೆ ಇಷ್ಟು ಸಾಕು, ಕ್ಲಾಸಿಗೆ ಹೋಗಿ ಕೂತ್ರೆ ಪಾಠ ಕಿವಿಗೆ ತಾನಾಗೇ ಬೀಳುತ್ತೆ. ಕಿವುಡ ವಿದ್ಯಾರ್ಥಿಗೆ ಆ ಪಾಠ ಅವಳ ಹತ್ತಿರ ತಲುಪಬೇಕು ಅಂದ್ರೆ ಇಂಟರ್‌ಪ್ರಿಟರ್ ಬೇಕು, ಅದೂ ಒಬ್ಬರಲ್ಲ, ಉದ್ದ ಕ್ಲಾಸಿದ್ರೆ ಇಬ್ಬರು ಬೇಕು, ಯಾಕಂದ್ರೆ ಕೇಳಿದ್ದನ್ನ ಆ ಕ್ಷಣದಲ್ಲೇ ಬೇರೆ ಭಾಷೆಗೆ ಹಾಕೋ ಕೆಲಸದಲ್ಲಿ ತಲೆ ಬೇಗ ಸುಸ್ತಾಗುತ್ತೆ, 20 ನಿಮಿಷಕ್ಕೊಮ್ಮೆ ಬದಲಾಯಿಸ್ಕೊಳ್ತಾ ಹೋಗ್ತಾರೆ. ನೋಟ್ಸ್ ಬರೆಯೋರು ಇನ್ನೊಬ್ಬರು ಬೇಕು. ಇದು ಬಹಳ ಜನಕ್ಕೆ ಹೊಳೆಯಲ್ಲ, ಕಣ್ಣು ಇಂಟರ್‌ಪ್ರಿಟರ್ ಮೇಲಿದ್ದಾಗ ಕಿವುಡ ವಿದ್ಯಾರ್ಥಿ ತಲೆ ಬಗ್ಗಿಸಿ ಬರೆಯೋಕಾಗಲ್ಲ, ಬಗ್ಗಿಸಿದ್ರೆ ಆ ಹೊತ್ತಿನ ಪಾಠ ಹೋಯ್ತು, ನೀವು ನಾವು ಕೇಳ್ತಾ ಕೇಳ್ತಾ ಬರೀತೀವಲ್ಲ ಅದು ಅವರಿಗಿಲ್ಲ. ಇದಕ್ಕೆಲ್ಲ ಆಗೋ ಖರ್ಚು ಕೆಲವು ಕಡೆ ಫೀಸಿಗಿಂತ ಜಾಸ್ತಿ.

ಇದನ್ನ ಯಾರು ಕೊಡಬೇಕು ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 1973ರ ರಿಹ್ಯಾಬಿಲಿಟೇಶನ್ ಕಾಯ್ದೆ, 1990ರ ಅಂಗವಿಕಲರ ಕಾಯ್ದೆ ಎರಡೂ ಇರೋದ್ರಿಂದ ಕಾಲೇಜೇ ಇಂಟರ್‌ಪ್ರಿಟರ್ ಕೊಡ್ಬೇಕು, ವಿದ್ಯಾರ್ಥಿ ಯಾವ ದೇಶದೋರು ಅನ್ನೋದು ಮುಖ್ಯ ಅಲ್ಲ. ಬ್ರಿಟನ್ನಿನಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗೆ ಅಂತ ಸರ್ಕಾರ ಕೊಡೋ ಭತ್ಯೆ ಹೊರದೇಶದಿಂದ ಓದೋಕೆ ಬಂದೋರಿಗೆ ಸಿಗಲ್ಲ, 2010ರ ಸಮಾನತಾ ಕಾಯ್ದೆ ಪ್ರಕಾರ ಯೂನಿವರ್ಸಿಟಿ ತಕ್ಕಮಟ್ಟಿಗೆ ಅನುಕೂಲ ಮಾಡಿಕೊಡ್ಬೇಕು, ಆದ್ರೆ ತಕ್ಕಮಟ್ಟಿಗೆ ಅಂದ್ರೆ ಎಷ್ಟು ಗಂಟೆ ಅನ್ನೋ ಮಾತುಕತೆಯನ್ನ ಹೊಸದಾಗಿ ಬಂದ, ಅಲ್ಲಿನ ಭಾಷೆನೇ ಗೊತ್ತಿಲ್ಲದ ಹುಡುಗಿ ಒಬ್ಬಳೇ ಹೇಗೆ ಮಾಡ್ತಾಳೆ ಹೇಳಿ. ಇಂಟರ್‌ಪ್ರಿಟರ್ ದುಡ್ಡು ಯಾರದು ಅನ್ನೋದು ಅವಳು ಟಿಕೆಟ್ ತಗೊಳ್ಳೋಕೆ ಮುಂಚೆನೇ ನಿಮ್ಮ ಮತ್ತು ಕಾಲೇಜಿನ ನಡುವೆ ಬರವಣಿಗೆಯಲ್ಲಿ ತೀರ್ಮಾನ ಆಗಿರ್ಬೇಕು.

ಕಿವುಡರ ಕಾಲೇಜಿಗೇ ಹೋದ್ರೆ ಈ ಕಷ್ಟ ಇಲ್ವಲ್ಲ ಅಂತ ಕೇಳ್ಬಹುದು. ಅಲ್ಲಿ ಪಾಠನೇ ಸನ್ನೆ ಭಾಷೆಯಲ್ಲಿ, ಕ್ಯಾಂಟೀನಲ್ಲೂ ಸನ್ನೆ ಭಾಷೆ, ಒಬ್ಬ ಕಿವುಡ ವಿದ್ಯಾರ್ಥಿಗೆ ಸ್ವರ್ಗ ಅದು. ಆದ್ರೆ ಅಮೆರಿಕದ ಕೇಂದ್ರ ಸರ್ಕಾರದ ದುಡ್ಡಲ್ಲಿ ನಡೆಯೋ ಗ್ಯಾಲೊಡೆಟ್, ರಾಚೆಸ್ಟರ್ ಈ ಎರಡು ಸಂಸ್ಥೆಗಳಲ್ಲಿ ಹೊರದೇಶದೋರಿಗೆ ಕಾನೂನಲ್ಲೇ ಮಿತಿ ಇದೆ, ಫೀಸಿನ ಮೇಲೆ ಸರ್‌ಚಾರ್ಜ್ ಇದೆ, ಶ್ರೀಮಂತ ದೇಶದೋರಿಗೆ ಫೀಸಿನಷ್ಟೇ ಇನ್ನೊಂದು ಪಟ್ಟು, ಅಭಿವೃದ್ಧಿ ಹೊಂದುತ್ತಿರೋ ದೇಶದೋರಿಗೆ ಅರ್ಧ. ಅಲ್ಲಿನ ಕಿವುಡ ವಿದ್ಯಾರ್ಥಿಗಳಲ್ಲಿ ಬಹಳ ಜನಕ್ಕೆ ಅವರವರ ರಾಜ್ಯದ ಪುನರ್ವಸತಿ ಇಲಾಖೆ ಓದಿನ ಖರ್ಚಿಗೆ ನೆರವಾಗುತ್ತೆ, ಹೊರಗಿನ ವಿದ್ಯಾರ್ಥಿಗೆ ಆ ದಾರಿ ಇಲ್ಲ, ಸ್ಟೂಡೆಂಟ್ ವೀಸಾದಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಅಷ್ಟರಲ್ಲಿ ಫೀಸು ಏಳಲ್ಲ. ಹಾಗಾಗಿ ಅತಿ ಬಡ ದೇಶದ ಮಗುವಿಗೆ ಅಲ್ಲಿನ ಮಗುವಿಗಿಂತ ಹೆಚ್ಚು ದುಡ್ಡು ಬೇಕಾಗುತ್ತೆ. ಜಪಾನಿನ ನಿಪ್ಪಾನ್ ಫೌಂಡೇಶನ್ ಗ್ಯಾಲೊಡೆಟ್‌ನಲ್ಲಿ ಇಂಥ ದೇಶಗಳ ಕಿವುಡರಿಗಾಗಿಯೇ ವರ್ಲ್ಡ್ ಡೆಫ್ ಲೀಡರ್‌ಶಿಪ್ ಅನ್ನೋ ಸ್ಕಾಲರ್‌ಶಿಪ್‌ಗೆ ದುಡ್ಡಿಟ್ಟಿದೆ, ಅಂಥದ್ದು ಬೆರಳೆಣಿಕೆಯಷ್ಟು ಇದೆ, ಅಷ್ಟಕ್ಕೆ ಎಷ್ಟು ದೇಶದ ಎಷ್ಟು ಮಕ್ಕಳು ಮುಗಿಬೀಳ್ತಾರೆ ಯೋಚನೆ ಮಾಡಿ.

ಮತ್ತೆ ಭಾಷೆ. ಸನ್ನೆ ಭಾಷೆ ಅಂದ್ರೆ ಪ್ರಪಂಚಕ್ಕೆಲ್ಲ ಒಂದೇ ಅಂತ ಓದಿದೋರೇ ತಿಳ್ಕೊಂಡಿದ್ದಾರೆ, ಒಂದು ಸ್ಕಾಲರ್‌ಶಿಪ್ ಆಫೀಸಿನೋರು ನಂಗೆ ಹಾಗೇ ಹೇಳಿದ್ರು. ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಕಿವಿ ಕೇಳೋರು ಮಾತಾಡೋದು ಇಂಗ್ಲಿಷೇ, ಆದ್ರೆ ಅಮೆರಿಕದ ಕಿವುಡ ಬ್ರಿಟನ್ನಿನ ಕಿವುಡ ಭೇಟಿಯಾದ್ರೆ ಒಬ್ಬರ ಸನ್ನೆ ಇನ್ನೊಬ್ಬರಿಗೆ ಅರ್ಥ ಆಗಲ್ಲ, ಬೆರಳಲ್ಲಿ ಅಕ್ಷರ ತೋರಿಸೋಕೆ ಒಬ್ಬರು ಒಂದು ಕೈ ಬಳಸ್ತಾರೆ ಇನ್ನೊಬ್ಬರು ಎರಡು ಕೈ. ಅಮೆರಿಕದ ಸನ್ನೆ ಭಾಷೆಗೆ ನಂಟಿರೋದು ಫ್ರಾನ್ಸಿನ ಸನ್ನೆ ಭಾಷೆ ಜೊತೆ. ಅಂದ್ರೆ ನಿಮ್ಮ ವಿದ್ಯಾರ್ಥಿ ಅಲ್ಲಿ ಇಳಿದಾಗ ಒಂದು ಹೊಸ ಸನ್ನೆ ಭಾಷೆ ಕಲೀಬೇಕು, ಜೊತೆಗೆ ಓದೋ ಬರೆಯೋ ಇಂಗ್ಲಿಷೂ ಗಟ್ಟಿ ಆಗ್ಬೇಕು, ಎರಡೂ ಆಗೋವರೆಗೆ ಕೋರ್ಸ್ ಕಾಯ್ಬೇಕು. ಮೊದಲ ಸೆಮಿಸ್ಟರ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂತು ಅಂತ ಸ್ಕಾಲರ್‌ಶಿಪ್ ನಿಲ್ಲಿಸೋ ಷರತ್ತು ಹಾಕ್ತೀರಲ್ಲ, ಅದು ಈಜು ಕಲಿಸೋಕೆ ಮುಂಚೆ ರೇಸಿಗೆ ನಿಲ್ಲಿಸಿದ ಹಾಗೆ. ಒಂದು ಪೂರ್ತಿ ವರ್ಷ ಭಾಷೆಗೇ ಕೊಡಿ, ಆ ವರ್ಷದ ಖರ್ಚನ್ನೂ ಕೊಡಿ, ಇಡೀ ಪತ್ರದಲ್ಲಿ ಒಂದೇ ಕೇಳೋಕೆ ಬಿಟ್ರೆ ನಾನು ಇದನ್ನೇ ಕೇಳ್ತೀನಿ.

ಇಂಗ್ಲಿಷ್ ಯಾಕೆ ಅಷ್ಟು ವೀಕು ಅಂತ ಕೇಳೋರೂ ಇದ್ದಾರೆ, ಬುದ್ಧಿ ಕಮ್ಮಿ ಅಂತ ಮನಸ್ಸಲ್ಲಿ ಅಂದ್ಕೊಳ್ಳೋರೂ ಇದ್ದಾರೆ. ಕಿವುಡ ಮಕ್ಕಳಲ್ಲಿ 90%ಗಿಂತ ಹೆಚ್ಚು ಮಕ್ಕಳು ಹುಟ್ಟೋದು ಕಿವಿ ಕೇಳೋ ಅಪ್ಪ ಅಮ್ಮನಿಗೆ, ನಮ್ಮ ಮನೆ ಹಾಗೆ. ಆ ಅಪ್ಪ ಅಮ್ಮನಿಗೆ ಸನ್ನೆ ಭಾಷೆ ಗೊತ್ತಿರಲ್ಲ, ಮಗುವಿಗೆ ಮಾತು ಕೇಳ್ಸಲ್ಲ, ಮೊದಲ ನಾಲ್ಕೈದು ವರ್ಷ ಮಗು ಭಾಷೆನೇ ಇಲ್ಲದೆ ಬೆಳೆಯುತ್ತೆ. ಆಮೇಲೆ ಶಾಲೆಗೆ ಹೋದ್ರೆ ಅಲ್ಲೂ ಎಷ್ಟೋ ಕಡೆ ಬಾಯಿ ನೋಡಿ ಮಾತು ಕಲಿ ಅಂತ ಕೂರಿಸ್ತಾರೆ. 1880ರಲ್ಲಿ ಮಿಲಾನ್‌ನಲ್ಲಿ ಒಂದು ಸಮ್ಮೇಳನ ಮಾಡಿ ಸನ್ನೆ ಭಾಷೆ ಬೇಡ, ಬಾಯಿ ಮಾತಲ್ಲೇ ಕಲಿಸ್ಬೇಕು ಅಂತ ನಿರ್ಣಯ ಮಾಡಿದ್ರು, ಓಟು ಹಾಕಿದೋರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕಿವಿ ಕೇಳೋ ಟೀಚರ್‌ಗಳು. ಆ ನಿರ್ಣಯವನ್ನ ತಳ್ಳಿಹಾಕಿ ವಿಷಾದ ಹೇಳಿದ್ದು 2010ರಲ್ಲಿ ವ್ಯಾಂಕೂವರ್‌ನ ಸಮ್ಮೇಳನದಲ್ಲಿ. 130 ವರ್ಷ. ಅಷ್ಟು ತಲೆಮಾರು ಕ್ಲಾಸಲ್ಲಿ ಕೈ ಕಟ್ಟಿ ಕೂತಿದ್ದಾರೆ. ನನ್ನ ತಂಗಿ ಶಾಲೆಗೆ ಸೇರಿದ್ದೇ 8 ವರ್ಷಕ್ಕೆ, ಅವಳಂಥೋರು ಡಿಗ್ರಿ ಮುಗಿಸೋ ಹೊತ್ತಿಗೆ ನಿಮ್ಮ ವಯಸ್ಸಿನ ಮಿತಿ ದಾಟಿರುತ್ತೆ. ಆ ಮಿತಿ ದಯವಿಟ್ಟು ತೆಗೀರಿ, ಇದಕ್ಕೆ ದುಡ್ಡೂ ಖರ್ಚಾಗಲ್ಲ. ಇಂಗ್ಲಿಷ್ ಪರೀಕ್ಷೆಯ ಕೇಳಿಸ್ಕೊಳ್ಳೋ ಭಾಗ, ಮಾತಾಡೋ ಭಾಗದ ಮಾರ್ಕ್ಸೂ ಅಷ್ಟೇ, ಮೊದಲೇ ಅರ್ಜಿ ಕೊಟ್ರೆ ಪರೀಕ್ಷೆ ನಡೆಸೋರೇ ವಿನಾಯಿತಿ ಕೊಡ್ತಾರೆ, ಆದ್ರೆ ನಿಮ್ಮ ಆನ್‌ಲೈನ್ ಫಾರ್ಮ್ ಆ ಖಾನೆ ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ, ಆ ರಾತ್ರಿ ನಾವಿಬ್ಬರೂ ಆ ಸ್ಕ್ರೀನ್ ಮುಂದೆ ಕೂತಿದ್ದು ನೆನಪಿದೆ, ಸೊನ್ನೆ ಹಾಕಿದ್ರೆ ಫೇಲ್, ಬಿಟ್ರೆ ಸಬ್‌ಮಿಟ್ ಆಗಲ್ಲ.

ಇಷ್ಟೆಲ್ಲ ಖರ್ಚು ಮಾಡಿ ಒಬ್ಬರನ್ನ ಓದಿಸೋ ಬದಲು ಅದೇ ದುಡ್ಡಲ್ಲಿ ಐದು ಜನ ಕಿವಿ ಕೇಳೋರನ್ನ ಓದಿಸ್ಬಹುದಲ್ಲ ಅನ್ನೋ ಲೆಕ್ಕ ಕಮಿಟಿಗಳಲ್ಲಿ ಆಗುತ್ತೆ ಅಂತ ನಂಗೆ ಗೊತ್ತು. ಅದಕ್ಕೆ ಆಂಡ್ರ್ಯೂ ಫಾಸ್ಟರ್ ಬಗ್ಗೆ ಹೇಳ್ಬೇಕು. 1925ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿದ ಕಪ್ಪು ಹುಡುಗ, 11ನೇ ವಯಸ್ಸಲ್ಲಿ ಮೆದುಳು ಜ್ವರ ಬಂದು ಕಿವಿ ಹೋಯ್ತು. ಕಪ್ಪು ಜನರನ್ನ ಬೇರೆ ಇಡ್ತಿದ್ದ ಕಾಲ ಅದು. ಗ್ಯಾಲೊಡೆಟ್‌ಗೆ 1951ರಲ್ಲಿ ಸ್ಕಾಲರ್‌ಶಿಪ್ ಮೇಲೆ ಸೀಟು ಸಿಕ್ತು, 1954ರಲ್ಲಿ ಅಲ್ಲಿಂದ ಡಿಗ್ರಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಆದ್ರು. 1957ರಲ್ಲಿ ಘಾನಾಕ್ಕೆ ಹೋಗಿ ಅಕ್ರಾದಲ್ಲಿ ಕಿವುಡ ಮಕ್ಕಳಿಗೆ ಶಾಲೆ ತೆಗೆದ್ರು, ಅಲ್ಲಿಂದ ನೈಜೀರಿಯಾ, ಇನ್ನೊಂದು ದೇಶ, ಮತ್ತೊಂದು ದೇಶ ಅಂತ ಆಫ್ರಿಕಾದ 13 ದೇಶಗಳಲ್ಲಿ 30ಕ್ಕೂ ಹೆಚ್ಚು ಶಾಲೆ ಆಯ್ತು, 1987ರಲ್ಲಿ ರುವಾಂಡಾದಲ್ಲಿ ವಿಮಾನ ಬಿದ್ದು ತೀರ್ಕೊಳ್ಳೋವರೆಗೂ ನಿಲ್ಲಿಸ್ಲಿಲ್ಲ. ತಮ್ಮ ಜೊತೆ ಕಿವುಡ ಯುವಕರನ್ನ ತಯಾರು ಮಾಡಿ ಅವರ ಕೈಗೆ ಶಾಲೆ ಕೊಡ್ತಾ ಹೋದ್ರು. ಒಬ್ಬರಿಗೆ ಕೊಟ್ಟ ಸೀಟು ಎಷ್ಟು ಸಾವಿರ ಮಕ್ಕಳನ್ನ ಮುಟ್ತು ಅಂತ ಆ ಐದು ಜನರ ಲೆಕ್ಕದಲ್ಲಿ ಎಲ್ಲಿ ಸೇರಿಸ್ತೀರ?

ಫಾಸ್ಟರ್ ಜೊತೆ ಅಮೆರಿಕದ ಸನ್ನೆ ಭಾಷೆನೂ ಹೋಯ್ತು, ಅಲ್ಲಿನ ಸ್ಥಳೀಯ ಸನ್ನೆಗಳ ಜಾಗವನ್ನ ಅದು ತಗೊಂಡಿತು ಅಂತ ಆಫ್ರಿಕಾದ ಕಿವುಡರೇ ಇವತ್ತು ಹೇಳ್ತಾರೆ, ಅದನ್ನ ಮುಚ್ಚಿಡಬಾರ್ದು. ಓದೋಕೆ ಹೋದೋರು ಅಲ್ಲಿನ ಭಾಷೆ ತಂದು ಇಲ್ಲಿನ ಭಾಷೆ ಮೇಲೆ ಹೇರಬಾರ್ದು ಅಂದ್ರೆ ತಮ್ಮ ಸ್ವಂತ ಸನ್ನೆ ಭಾಷೆಯ ಬಗ್ಗೆ ಸಂಶೋಧನೆ, ಡಿಕ್ಷನರಿ, ಟೀಚರ್ ಟ್ರೈನಿಂಗ್ ಇಂಥ ಕೆಲಸಕ್ಕೂ ನಿಮ್ಮ ಸ್ಕಾಲರ್‌ಶಿಪ್‌ನಲ್ಲಿ ಜಾಗ ಇರ್ಬೇಕು, ಹಾಗೇ ಪಕ್ಕದ ದೇಶದಲ್ಲೋ ತಮ್ಮ ದೇಶದಲ್ಲೋ ಓದ್ತೀನಿ ಅನ್ನೋರಿಗೂ ಕೊಡಿ, ಎಲ್ಲರೂ ಸಮುದ್ರ ದಾಟಲೇಬೇಕು ಅಂತೇನಿಲ್ಲ.

ಇನ್ನೊಂದು ಹಳೇ ಕತೆ ಇದೆ, ನನ್ನ ತಂಗಿಗೆ ತುಂಬಾ ಇಷ್ಟ. ಅಮೆರಿಕದಲ್ಲಿ ಕಿವುಡರಿಗೆ ಇನ್ನೂ ಶಾಶ್ವತವಾದ ಶಾಲೆ ಇಲ್ಲದ ಕಾಲದಲ್ಲಿ, ಹಾರ್ಟ್‌ಫರ್ಡ್ ಅನ್ನೋ ಊರಿನ ಜನ ದುಡ್ಡು ಸೇರಿಸಿ ಥಾಮಸ್ ಗ್ಯಾಲೊಡೆಟ್ ಅನ್ನೋರನ್ನ 1815ರಲ್ಲಿ ಯುರೋಪಿಗೆ ಕಳಿಸಿದ್ರು, ಕಿವುಡರಿಗೆ ಹೇಗೆ ಕಲಿಸ್ತಾರೆ ನೋಡ್ಕೊಂಡು ಬಾ ಅಂತ. ಅವರು ಪ್ಯಾರಿಸ್‌ನಿಂದ ಲೊರಾನ್ ಕ್ಲೆರ್ಕ್ ಅನ್ನೋ ಕಿವುಡ ಮೇಷ್ಟ್ರನ್ನ ಕರ್ಕೊಂಡು ಬಂದ್ರು. 1816ರಲ್ಲಿ ಹಡಗಲ್ಲಿ 52 ದಿನ ಪ್ರಯಾಣ, ದಾರಿಯಲ್ಲಿ ಕ್ಲೆರ್ಕ್ ಅವರಿಗೆ ಸನ್ನೆ ಕಲಿಸಿದ್ರು, ಅವರು ಕ್ಲೆರ್ಕ್‌ಗೆ ಇಂಗ್ಲಿಷ್ ಕಲಿಸಿದ್ರು. 1817ರಲ್ಲಿ ಶಾಲೆ ಶುರುವಾಯ್ತು. ಅಂದ್ರೆ ಇವತ್ತು ಎಲ್ಲರೂ ಹೋಗೋಕೆ ಆಸೆ ಪಡೋ ಆ ದೇಶಕ್ಕೂ ಕಿವುಡರ ಶಿಕ್ಷಣ ಬಂದಿದ್ದು ಯಾರೋ ಕೊಟ್ಟ ಪ್ರಯಾಣದ ದುಡ್ಡಿಂದ, ಹೊರದೇಶದ ಒಬ್ಬ ಕಿವುಡನಿಂದ.

ಓದಿ ಬಂದ ಮೇಲೆ ಏನು ಅನ್ನೋದನ್ನೂ ಸ್ವಲ್ಪ ನೋಡಿ. ಓದು ಮುಗಿದ ಮೇಲೆ ವಾಪಸ್ ಹೋಗ್ಬೇಕು ಅಂತ ನೀವು ಬರೆಸ್ಕೋತೀರ, ಅದು ಸರಿನೇ, ಅವಳೂ ವಾಪಸ್ ಬರೋಕೇ ಹೋಗೋದು. ಆದ್ರೆ ಎಷ್ಟೋ ದೇಶಗಳಲ್ಲಿ ಕಿವುಡರನ್ನ ಕಿವುಡರ ಶಾಲೆಗೇ ಟೀಚರ್ ಆಗಿ ತಗೊಳ್ಳಲ್ಲ. ಸರ್ಕಾರಗಳ ಜೊತೆ ಒಪ್ಪಂದ ಮಾಡ್ಕೊಳ್ಳೋವಾಗ ಆ ಕೆಲಸದ ಬಾಗಿಲನ್ನೂ ಒಪ್ಪಂದದಲ್ಲಿ ಸೇರಿಸಿ, ನಿಮ್ಮ ಮಾತಿಗೆ ಅಲ್ಲಿ ಬೆಲೆ ಇದೆ, ನಮ್ಮ ಮಾತಿಗಿಲ್ಲ.

ಮತ್ತೆ ಆ ಕಮಿಟಿಯಲ್ಲಿ ಕಿವುಡರು ಇರ್ಲಿ. ಒಬ್ಬರಾದ್ರೂ. 1988ರ ಮಾರ್ಚಲ್ಲಿ ಗ್ಯಾಲೊಡೆಟ್‌ನ ವಿದ್ಯಾರ್ಥಿಗಳು ಒಂದು ವಾರ ಕ್ಯಾಂಪಸ್ ಬಂದ್ ಮಾಡಿ ನಮಗೆ ಕಿವುಡ ಅಧ್ಯಕ್ಷರೇ ಬೇಕು ಅಂತ ಕೂತ್ರು, ಶುರುವಾಗಿ 124 ವರ್ಷ ಆದ ಮೇಲೆ ಮೊದಲ ಕಿವುಡ ಅಧ್ಯಕ್ಷರಾಗಿ ಕಿಂಗ್ ಜೋರ್ಡನ್ ಬಂದ್ರು. ನಿಮ್ಮ ಕಮಿಟಿಯಲ್ಲಿ ಒಬ್ಬ ಕಿವುಡ ಸದಸ್ಯರಿದ್ದಿದ್ರೆ ಆ ಫೋನ್ ಇಂಟರ್‌ವ್ಯೂ ಮೇಲ್ ಹೊರಗೇ ಹೋಗ್ತಿರ್ಲಿಲ್ಲ, ಫಾರ್ಮಿನ ಆ ಖಾನೆ ಇರ್ತಿರ್ಲಿಲ್ಲ, ನಿಮ್ಮ ಅರ್ಜಿ ಹಾಕೋದು ಹೇಗೆ ಅನ್ನೋ ವಿಡಿಯೋಗೆ ಕ್ಯಾಪ್ಶನ್ ಇರ್ತಿತ್ತು.

ಈ ಪತ್ರವನ್ನ ಕಳಿಸೋಕೆ ಮುಂಚೆ ತಂಗಿಗೆ ತೋರಿಸಿದೆ. ಎರಡು ಕಡೆ ನಾನು ಪಾಪ ಅಂತ ಬರೆದಿದ್ದೆ, ಎರಡನ್ನೂ ಹೊಡೆದು ಹಾಕಿದ್ಲು. ಫೋನ್ ಇಂಟರ್‌ವ್ಯೂ ಕತೆ ಬೇಕಾ ಅಂತ ಕೇಳಿದೆ, ಇರ್ಲಿ, ಆದ್ರೆ ನಾನು ಮತ್ತೆ ಅರ್ಜಿ ಹಾಕ್ತಿದ್ದೀನಿ ಅಂತಲೂ ಬರೀ ಅಂದ್ಲು. ಹಾಕ್ತಿದ್ದಾಳೆ, ಈ ವರ್ಷ ಮೂರು ಕಡೆ. ನಿಮ್ಮಲ್ಲಿ ಯಾರಾದ್ರೂ ಈ ಪತ್ರಕ್ಕೆ ಉತ್ತರ ಕೊಡೋದಾದ್ರೆ ನಂಗೆ ಬೇಡ, ಅವಳಿಗೇ ಕೊಡಿ, ಬರೆದು ಕಳಿಸಿ, ಇಲ್ಲ ಸನ್ನೆ ಭಾಷೆ ಬರೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು ವಿಡಿಯೋ ಕಾಲ್ ಮಾಡಿ. ಈ ಸಲ ಅವಳ ಎರಡು ನಿಮಿಷ ಪೂರ್ತಿ ನೋಡಿ.

ಇಂತಿ,
ಅವಳ ಅಣ್ಣ